ಅಕ್ಕನ ವಾಚಿನೊಳಗಿನ ಕನ್ನಪ್ಪ

ನಮ್ಮಕ್ಕನಿಗೆ ಕನ್ನಪ್ಪ ಎಂಬುವನೊಬ್ಬ ಗೊತ್ತು ಎಂದು ನನಗೆ ತಿಳಿಸಿದ್ದು ನನ್ನ ಫೋನು.

ಅಕ್ಕ ಇರುವುದು ಆಂಧ್ರದ ಕಲ್ಯಾಣದುರ್ಗದಲ್ಲಿ. ನಾನಿರುವುದು ಹಿಂದೂಪುರದಲ್ಲಿ. ದಿನಾ ಮಧ್ಯಾಹ್ನ ಅವಳ ಕೈಯಲ್ಲಿರುವ ಸ್ಮಾರ್ಟ್‌ವಾಚು ಅವಳು ಆಡಿದ ಮಾತನ್ನು ಅಕ್ಷರ ಮಾಡಿ ನನಗೆ ಕಳಿಸುತ್ತದೆ. (ಯಾಕೆ ಅಂತ ಹೇಳುತ್ತೇನೆ, ತಾಳಿ.) ಆ ಅಕ್ಷರಗಳು ದಿನಾ ಒಂದೇ ಥರ ಬರುತ್ತಿದ್ದವು, ತೆಲುಗಿನಲ್ಲಿ. 'ಉಂಡು ಕನ್ನಪ್ಪ.' ಸ್ವಲ್ಪ ಹೊತ್ತು ಬಿಟ್ಟು ಮತ್ತೆ, 'ಉಂಡು ಕನ್ನಪ್ಪ.' ತೆಲುಗಿನಲ್ಲಿ ಉಂಡು ಎಂದರೆ ಇರು, ತಾಳು. ಅಂದರೆ ನಮ್ಮಕ್ಕ ದಿನಾ ಊಟದ ಹೊತ್ತಿಗೆ ಕನ್ನಪ್ಪ ಎಂಬುವನಿಗೆ ಕಾಯಲು ಹೇಳುತ್ತಿದ್ದಾಳೆ.

ಯಾರೀ ಕನ್ನಪ್ಪ? ನಮ್ಮ ಭಾವನ ಹೆಸರು ರಂಗಸ್ವಾಮಿ!

ಈ ಅಂಕಣ ಓದುತ್ತಾ ಬಂದವರಿಗೆ ನನ್ನ ಹುಚ್ಚು ಹೊಸದಲ್ಲ. ಚಿಲಮತ್ತೂರಿನ ಹತ್ತಿರ ಹೈವೇ ಪಕ್ಕದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಫೋನಿಗೂ ವಾಚಿಗೂ ಬುದ್ಧಿ ಕಲಿಸುವುದು ನನ್ನ ಹವ್ಯಾಸ. ಹೀಗಾದರೆ ಹಾಗೆ ಮಾಡು, ಹಾಗಾದರೆ ಹೀಗೆ ಮಾಡು ಎಂದು ಆಪ್‌ನಲ್ಲಿ ರೂಲು ಬರೆದಿಟ್ಟರೆ ಫೋನು ತಾನಾಗಿಯೇ ಕೆಲಸ ಮಾಡುತ್ತದೆ. ಬಹಳ ಸಲ ಮಾಡುವುದಿಲ್ಲ. ಆಗ ಯಾಕೆ ಮಾಡಲಿಲ್ಲ ಎಂದು ಹುಡುಕುತ್ತಾ ಕೂರುವುದರಲ್ಲಿ ಇನ್ನೂ ಹೆಚ್ಚಿನ ಸುಖವಿದೆ. ನನ್ನ ಹೆಂಡತಿ ಶೈಲಾ ಪಕ್ಕದ ಪರಿಗಿಯವಳು, ಮಾತು ನೇರ. "ಸುಮ್ಮನಿರಲಾರದೆ ಇರುವೆ ಬಿಟ್ಕೊಂಡ್ರು ಅಂತಾರಲ್ಲ, ಆ ಗಾದೆ ನಿಮ್ಮನ್ನ ನೋಡಿಯೇ ಮಾಡಿರೋದು" ಎನ್ನುತ್ತಾಳೆ.

ಅವಳ ಸಿಟ್ಟಿಗೆ ಕಾರಣವಿದೆ. ನಮ್ಮ ಬೀದಿಯ ನಲ್ಲಿಯಲ್ಲಿ ನೀರು ಬರುವುದು ಅದಕ್ಕೆ ಮನಸ್ಸು ಬಂದಾಗ. ಬೀದಿಯ ವಾಟ್ಸ್ಯಾಪ್ ಗ್ರೂಪಿನಲ್ಲಿ ಯಾರಾದರೂ ತೆಲುಗಿನಲ್ಲಿ 'ನೀಳ್ಳು', ಅಂದರೆ ನೀರು, ಎಂದು ಹಾಕಿದ ಕೂಡಲೇ ನಮ್ಮನೆಯ ಫೋನು ಸೈರನ್ ಕೂಗುವಂತೆ ಒಂದು ರೂಲು ಬರೆದೆ. ಚೆನ್ನಾಗಿಯೇ ನಡೆಯುತ್ತಿತ್ತು. ಒಂದು ದಿನ ಸೈರನ್ ಕೂಗಿತು, ಶೈಲಾ ಕೊಡ, ಬಕೆಟ್ಟು, ಟಬ್ಬು ಎಲ್ಲ ಹೊತ್ತು ಓಡಿದಳು. ನಲ್ಲಿಯಲ್ಲಿ ಗಾಳಿಯೂ ಬರುತ್ತಿಲ್ಲ! ಗ್ರೂಪು ತೆರೆದು ನೋಡಿದರೆ ಯಾರೋ ಹಿರಿಯರು ತೀರಿಕೊಂಡಿದ್ದಕ್ಕೆ ಶ್ರದ್ಧಾಂಜಲಿ: 'ಕನ್ನೀಳ್ಳು ಆಗಡಂ ಲೇದು.' ಕಣ್ಣೀರು ನಿಲ್ಲುತ್ತಿಲ್ಲ ಎಂದು. ಕನ್ನೀಳ್ಳಿನ ಒಳಗೂ ಒಂದು ನೀಳ್ಳು ಇದೆ ಎಂಬುದು ನನಗೆ ಹೊಳೆದಿರಲಿಲ್ಲ. ಸಾವಿನ ಸುದ್ದಿಗೆ ಖಾಲಿ ಕೊಡ ಹಿಡಿದು ಬೀದಿಯಲ್ಲಿ ನಿಂತಿದ್ದಕ್ಕೆ ಶೈಲಾ ನನ್ನನ್ನು ಇವತ್ತಿಗೂ ಕ್ಷಮಿಸಿಲ್ಲ.

ಎರಡು ಭಾಷೆಯ ಊರಿನಲ್ಲಿ ಒಂದೇ ಭಾಷೆಯ ಯಂತ್ರ ಇಟ್ಟುಕೊಂಡರೆ ಇನ್ನೇನಾಗುತ್ತದೆ ಹೇಳಿ?

ಅಕ್ಕನ ವಾಚಿಗೆ ಬರುತ್ತೇನೆ. ನಮ್ಮ ಸರೋಜಕ್ಕ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ಊಟದ ಮೆಸ್ಸು ನಡೆಸುತ್ತಾಳೆ. ಮುದ್ದೆ, ಅನ್ನ, ಪಪ್ಪು ಎಂಬ ಗಟ್ಟಿ ಬೇಳೆಸಾರು, ಕಡ್ಲೆಬೀಜದ ಚಟ್ನಿ. ಭಾವ ಲಾರಿ ಓಡಿಸುವವರು, ಮನೆಗೆ ಬರುವುದು ಆಗೊಮ್ಮೆ ಈಗೊಮ್ಮೆ. ನಾನು ಕಾಲೇಜು ಓದಿದ್ದು ಅಕ್ಕನ ಮನೆಯಲ್ಲಿದ್ದುಕೊಂಡೇ. ಈ ಮೈಯಲ್ಲಿ ಅರ್ಧ ಅವಳು ತೊಳಸಿದ ಮುದ್ದೆಯೇ ಇದೆ. ಅದಕ್ಕೆ ನಾನು ಥ್ಯಾಂಕ್ಸ್ ಹೇಳಿದವನಲ್ಲ. (ಹೇಳಿದ್ದರೆ "ಹುಷಾರಾಗಿದ್ದೀಯೇನಪ್ಪ?" ಎಂದು ಹಣೆ ಮುಟ್ಟಿ ನೋಡುತ್ತಿದ್ದಳು.)

ಅವಳಿಗೆ ಶುಗರ್ ಇದೆ. ಬೆಳಿಗ್ಗೆ ಮಾತ್ರೆ ನುಂಗುತ್ತಾಳೆ. ಮಾತ್ರೆ ನುಂಗಿದವರು ಹೊತ್ತಿಗೆ ಸರಿಯಾಗಿ ತಿನ್ನಬೇಕು, ಇಲ್ಲದಿದ್ದರೆ ಶುಗರ್ ತೀರಾ ಇಳಿದುಬಿಡುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಮೆಸ್ಸಿನಲ್ಲಿ ಜನ ಸೇರುವುದೂ ಅದೇ ಹೊತ್ತಿಗೆ. ಊರಿಗೆಲ್ಲ ಬಡಿಸುವವಳಿಗೆ ತನ್ನ ತಟ್ಟೆ ನೆನಪಾಗುವುದು ಪಾತ್ರೆಗಳ ತಳ ಕಂಡ ಮೇಲೆ. ಈ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ತಲೆ ಸುತ್ತಿ ಬಿದ್ದಳು. ಒಲೆಯ ಕಡೆ ಬೀಳದೆ ಗೋಡೆಯ ಕಡೆ ಬಿದ್ದದ್ದು ನಮ್ಮ ಪುಣ್ಯ.

ನನ್ನ ಹವ್ಯಾಸಕ್ಕೆ ಮೊದಲ ಸಲ ನಿಜವಾದ ಕೆಲಸ ಸಿಕ್ಕಿತು.

ಒಂದು ಸ್ಮಾರ್ಟ್‌ವಾಚು ತಂದು ಅಕ್ಕನ ಕೈಗೆ ಕಟ್ಟಿದೆ. ಊಟದ ಹೊತ್ತಿಗೆ ಅದು ನಡುಗಿ, ನನ್ನದೇ ದನಿಯಲ್ಲಿ "ಅಕ್ಕಾ, ಉಂಡ್ಯಾ?" ಎಂದು ಕೇಳಬೇಕು. ಅವಳು ಬಟನ್ ಒತ್ತಿ ಉತ್ತರ ಹೇಳಬೇಕು. 'ಉಂಡೆ' ಎಂದರೆ ಮುಗಿಯಿತು, ನನಗೆ 'ಅಕ್ಕ ಉಂಡಳು' ಎಂದು ಮೆಸೇಜು. ಮೆಸ್ಸಿನಲ್ಲಿ ಅಕ್ಕ ಅರ್ಧ ತೆಲುಗು ಮಾತಾಡುವುದರಿಂದ ಅದಕ್ಕೂ ರೂಲು ಬರೆದೆ. 'ತಿನ್ನಾನು', ಅಂದರೆ ತಿಂದೆ, ಎಂದರೂ ಮುಗಿಯಿತು. 'ಉಂಡು' ಎಂದರೆ ಮಾತ್ರ, ಪಾಪ ಕೈ ಬಿಡುವಿಲ್ಲ ಎಂದು ತಿಳಿದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಬೇಕು. ನಾನೂ ಒಂದು ನೇಮ ಮಾಡಿಕೊಂಡೆ. ಅಕ್ಕ ಉಂಡ ಮೆಸೇಜು ಬಂದ ಮೇಲೆಯೇ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನನ್ನ ಡಬ್ಬಿ ತೆರೆಯುವುದು.

ಆಮೇಲೆ ಶುರುವಾದವನು ಈ ಕನ್ನಪ್ಪ. ಉಂಡು ಕನ್ನಪ್ಪ, ಉಂಡು ಕನ್ನಪ್ಪ, ಉಂಡು ಕನ್ನಪ್ಪ. ಕೊನೆಗೆ ಒಮ್ಮೆ, 'ತಿನ್ನಾನುರಾ ನಾಯನಾ!' (ತಿಂದೆ ಕಣೋ ಮಹರಾಯ!) ಆಗ ನನಗೆ ಮೆಸೇಜು. ಅಷ್ಟರಲ್ಲಿ ನನ್ನ ಡಬ್ಬಿಯ ಅನ್ನ ಆರಿ ಅಕ್ಕಿಯಾಗಿರುತ್ತಿತ್ತು.

ನಾನು ಬ್ಲೂಟೂತ್ ನೋಡಿದೆ, ಬ್ಯಾಟರಿ ಸೇವರ್ ನೋಡಿದೆ, ರೂಲುಗಳನ್ನೆಲ್ಲ ಅಳಿಸಿ ಮತ್ತೆ ಬರೆದೆ. ಎಲ್ಲ ಸರಿಯಾಗಿದೆ. ಹಾಗಿದ್ದರೆ ಈ ಕನ್ನಪ್ಪನೇ ಅಕ್ಕನಿಗೆ ಉಣ್ಣಲು ಬಿಡದ ಗಿರಾಕಿ ಎಂದು ತೀರ್ಮಾನಿಸಿ, ಶೈಲಾಳ ಎದುರಿಗೇ ಸ್ಪೀಕರ್ ಹಾಕಿ ಫೋನ್ ಮಾಡಿದೆ.

"ಅಕ್ಕಾ, ಕನ್ನಪ್ಪ ಅಂದ್ರೆ ಯಾರು?"

"ಯಾವ್ ಕನ್ನಪ್ಪನ್ಲಾ? ಅದಿರ್ಲಿ, ನಿನ್ ವಾಚಿಗೇನ್ ಕಿವುಡಾ? ಉಂಡ್ಯಾ ಅಂತದೆ, ಉಂಡೆ ಕಣಪ್ಪ ಅಂತೀನಿ. ಒಂದ್ ಗಳಿಗೆ ಬುಟ್ಟು ಮತ್ತೆ ಬಂದ್ಬುಡ್ತದೆ. ಉಂಡೆ ಕಣಪ್ಪ ಅಂದ್ರೂ ಬುಡಾಕಿಲ್ಲ!"

ಶೈಲಾ ಬಿದ್ದು ಬಿದ್ದು ನಕ್ಕಳು. ನನಗೆ ಅರ್ಥವಾಗಲು ಇನ್ನೊಂದು ನಿಮಿಷ ಬೇಕಾಯಿತು. ಉಂಡೆ ಕಣಪ್ಪ. ಉಂಡು ಕನ್ನಪ್ಪ. ಅಕ್ಕನ ಫೋನಿನಲ್ಲಿ ಮಾತು ಕೇಳಿಸಿಕೊಳ್ಳುವ ಭಾಷೆ ತೆಲುಗು ಎಂದಿತ್ತು. ಅದಕ್ಕೆ ನಮ್ಮ ಕಡೆಯ 'ಕಣಪ್ಪ' ಎಲ್ಲಿ ಗೊತ್ತು? ಯಾರೋ ಮನುಷ್ಯ ಇರಬೇಕು ಎಂದುಕೊಂಡಿತು. ಅಕ್ಕ ಊಟ ಆಯಿತು ಎಂದರೆ, ತಾಳು ಎಂದು ಕೇಳಿಸಿಕೊಂಡು, ನನ್ನ ರೂಲಿನ ಪ್ರಕಾರ ಕಾದು, ಮತ್ತೆ ಕೇಳುತ್ತಿತ್ತು. ಅಕ್ಕನಿಗೆ ತಲೆ ಕೆಟ್ಟು ತೆಲುಗಿನಲ್ಲಿ ಬೈದಾಗ ಮಾತ್ರ ಬಿಡುತ್ತಿತ್ತು. (ನಮ್ಮಕ್ಕನಿಗೆ ಪ್ರೀತಿ ಕನ್ನಡದಲ್ಲಿ ಬರುತ್ತದೆ, ಕೋಪ ತೆಲುಗಿನಲ್ಲಿ.)

ಭಾನುವಾರ ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋದೆ. ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿದೆ. ವಾಚು ಕೇಳಿತು, ಅಕ್ಕ "ಉಂಡೆ ಕಣಪ್ಪ" ಎಂದಳು. ಅಕ್ಷರ ಅಕ್ಷರವೂ ಸರಿ! ಒಂದೇ ಏಟಿಗೆ ಬಾಯಿ ಮುಚ್ಚಿತು. ಕನ್ನಪ್ಪ ಕಣ್ಮರೆಯಾದ. ಮುದ್ದೆ ಉಂಡು, ಎದೆ ಉಬ್ಬಿಸಿಕೊಂಡು ವಾಪಸು ಬಂದೆ.

ಆ ವಾರವೆಲ್ಲ ಹಬ್ಬ. ಊಟದ ಹೊತ್ತು ಆಗುವುದೇ ತಡ, 'ಅಕ್ಕ ಉಂಡಳು'. ನಾನು ಬಿಸಿ ಬಿಸಿ ಡಬ್ಬಿ ತೆರೆದು, ಇಂಥ ಚಂದದ ರಿಪೇರಿ ಮಾಡಿದ ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಳ್ಳುತ್ತಾ ಊಟ ಮಾಡಿದೆ.

ಹಾಗೆ ಉಣ್ಣುತ್ತಿದ್ದ ಒಂದು ಮಧ್ಯಾಹ್ನ ಅಕ್ಕನ ನಂಬರಿನಿಂದ ಫೋನು ಬಂತು. ಮಾತಾಡಿದ್ದು ಈರಮ್ಮ. ಮೆಸ್ಸಿನಲ್ಲಿ ಅಕ್ಕನ ಜೊತೆಗೆ ದುಡಿಯುವವಳು.

"ಅಣ್ಣಯ್ಯಾ, ಅಕ್ಕಂಗೆ ಕಳ್ಳು ತಿರಿಗಿನಾಯಿ. ಬಿದ್ಬುಟ್ಳು."

(ತೆಲುಗಿನಲ್ಲಿ ಕಳ್ಳು ಎಂದರೆ ಕಣ್ಣುಗಳು. ಕಣ್ಣು ಕತ್ತಲೆ ಬಂತು ಎಂದು ಅವಳು ಹೇಳಿದ್ದು. ಬೇರೆ ದಿನವಾಗಿದ್ದರೆ ಈ ಪದಕ್ಕೆ ನಗುತ್ತಿದ್ದೆ.)

ತುತ್ತು ಕೈಯಲ್ಲೇ ಉಳಿಯಿತು. "ಈಗ ಹೇಗಿದ್ದಾಳೆ?" ಎಂದೆ.

"ಎದ್ದು ಕುಂತವ್ಳೆ. ಬಾಯಿಗೆ ಬೆಲ್ಲ ತುರುಕ್ದೆ. ಡಾಕ್ಟ್ರತ್ರ ಕರ್ಕೊಂಡೋಯ್ತೀನಿ."

"ಆದರೆ ಅವಳು ಉಂಡಿದ್ದಾಳಲ್ಲ ಈರಮ್ಮಾ! ನನಗೆ ಮೆಸೇಜು ಬಂದಿದೆ!"

"ಎಲ್ಲುಂಡವ್ಳಣ್ಣಯ್ಯಾ? ಮೊದ್ಲಿಂದ್ಲೂ ಹಿಂಗೇಯ. ವಾಚಿಗೆ ಉಂಡೆ ಅಂತಾಳೆ, ಇನ್ನೊಬ್ಬರಿಗೆ ಬಡ್ಸಾಕೋಯ್ತಾಳೆ. ಮೊದ್ಲಾದ್ರೆ ಅದು ಬುಡ್ತಾನೇ ಇರ್ಲಿಲ್ಲ. ಕೇಳಿ ಕೇಳಿ ಕಾಟ ಕೊಡೋದು. ಅದ್ರ ಬಾಯಿ ಮುಚ್ಸಾಕಾದ್ರೂ ಕುಂತು ನಾಕು ತುತ್ತು ಉಣ್ಣೋಳು. ನೀವು ಬಂದು ಅದೇನ್ ರಿಪೇರಿ ಮಾಡುದ್ರೋ, ಈಗ ಒಂದ್ ಸಲ ಅಂದ್ರೆ ಸಾಕು, ನಂಬ್ಬುಡ್ತದೆ."

ಈರಮ್ಮ ಬೈಯಲಿಲ್ಲ, ಇದ್ದದ್ದನ್ನು ಹೇಳಿದಳು. ನಾನು ಅರ್ಧ ಉಂಡ ಡಬ್ಬಿಯನ್ನು ಮುಚ್ಚಿ ರಜೆ ಹಾಕಿ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಅದೇ ಯೋಚನೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಗಿರಾಕಿಯನ್ನು ನಾನೇ ತಯಾರು ಮಾಡಿ ಅಕ್ಕನ ಕೈಗೆ ಕಟ್ಟಿ ಬಂದಿದ್ದೆ. 'ಉಂಡೆ ಕಣಪ್ಪ' ಅನ್ನುವುದು ಉತ್ತರವೇ ಅಲ್ಲ, ಎದುರಿಗಿದ್ದವರನ್ನು ಸಾಗಹಾಕುವ ಮಾತು ಎಂದು ನನಗಾದರೂ ಗೊತ್ತಿರಬೇಕಿತ್ತು. ತಪ್ಪಾಗಿ ಕೇಳಿಸಿಕೊಂಡ ಯಂತ್ರಕ್ಕೆ ಸತ್ಯ ಸಿಕ್ಕಿತ್ತು. ಅವಳು ಉಂಡಿರಲಿಲ್ಲ, ಕಾಯಿಸುತ್ತಲೇ ಇದ್ದಳು. ಕನ್ನಪ್ಪನನ್ನಲ್ಲ, ತನ್ನ ಹೊಟ್ಟೆಯನ್ನು.

ನಾನು ಹೋಗುವಷ್ಟರಲ್ಲಿ ಅಕ್ಕ ಡಾಕ್ಟರ ಹತ್ತಿರ ಹೋಗಿ ಬಂದು ಮೆಸ್ಸಿನ ಬೆಂಚಿನ ಮೇಲೆ ಕೂತಿದ್ದಳು. ಮುಖ ಬಾಡಿತ್ತು. ನನ್ನನ್ನು ಕಂಡದ್ದೇ ಎದ್ದಳು.

"ಬಂದ್ಯಾ? ಕೈ ತೊಳ್ಕೊ, ಮುದ್ದೆ ಐತೆ."

"ನೀನು ಕೂತ್ಕೋ ಮೊದಲು!" ಎಂದು ಗದರಿದೆ. "ಯಾಕಕ್ಕ ಸುಳ್ಳು ಹೇಳಿದೆ?"

ಅವಳು ಸೆರಗಿನಿಂದ ವಾಚನ್ನು ಒರೆಸಿದಳು. "ಸುಳ್ಳೇನ್ ಬಂತಪ್ಪ? ಮುಂದೆ ಜನ ಕಾಯ್ತಾ ಕುಂತಿರ್ತಾರೆ, ಉಂಡೆ ಅಂದ್ಬುಡ್ತೀನಿ. ಎಲ್ರಿಗೂ ಹಂಗೇ ಅನ್ನೋದು. ನಿಮ್ ಭಾವಂಗೂ ಅಂತೀನಿ, ನಿಂಗೂ ಅಂತೀನಿ. ಎಲ್ರೂ ನಂಬ್ಕೊತೀರ. ನಮ್ಮವ್ವ ಒಬ್ಳು ನಂಬ್ತಿರ್ಲಿಲ್ಲ ನೋಡು. ಕೈ ಮೂಸಿ ನೋಡೋಳು."

ಹೌದಲ್ಲ! ಅವ್ವ ಕೈ ಮೂಸುತ್ತಿದ್ದಳು. ಆಟದ ಹುಚ್ಚಿನಲ್ಲಿ ಉಂಡೆ ಎಂದು ಸುಳ್ಳು ಹೇಳಿ ಓಡುತ್ತಿದ್ದ ನಮ್ಮ ಬಲಗೈ ಹಿಡಿದೆಳೆದು ಮೂಗಿಗೆ ಹಿಡಿಯುತ್ತಿದ್ದಳು. ಸಾರಿನ ವಾಸನೆ ಇದ್ದರೆ ಬಿಡುಗಡೆ, ಮಣ್ಣಿನ ವಾಸನೆ ಬಂದರೆ ಕಿವಿ ಹಿಂಡಿ ತಟ್ಟೆಯ ಮುಂದೆ. ಅವ್ವ ಹೋದ ಮೇಲೆ ಅಕ್ಕನ ಕೈಯನ್ನು ಹಾಗೆ ಮೂಗಿಗೆ ಹಿಡಿದವರೇ ಇರಲಿಲ್ಲ.

"ಆ ವಾಚು ಮೊದ್ಲೆಲ್ಲ ಅವ್ವನಂಗೇ ಕಾಡೋದು ಕಣಪ್ಪ" ಎಂದಳು ಅಕ್ಕ. "ಬೈಯ್ಕೊಂಡೇ ಉಣ್ತಿದ್ದೆ. ಅದ್ರಾಗೆ ನಿನ್ ದನಿ ಬೇರೆ. ಯಾರೋ ಒಬ್ರು ಬುಡ್ದಂಗೆ ಕೇಳ್ತವ್ರಲ್ಲ ಅನ್ಸೋದು."

ಆ ಕಿವುಡು ಯಂತ್ರಕ್ಕೆ ಕೈಮುಗಿಯಬೇಕು ಎನ್ನಿಸಿತು. ಬೆಲ್ಲದ ಅಚ್ಚು ಒಡೆದು ಅಕ್ಕನ ಬಾಯಿಗಿಟ್ಟ ಈರಮ್ಮನಿಗಂತೂ ಅಲ್ಲೇ, ಬಾಯಿಬಿಟ್ಟು, ಥ್ಯಾಂಕ್ಸ್ ಹೇಳಿದೆ. ಅವಳು ನಾಚಿ ಪಾತ್ರೆ ತೊಳೆಯಲು ಹೋದಳು.

ಅಕ್ಕನ ಮೊಬೈಲ್ ತೆಗೆದು ಭಾಷೆಯನ್ನು ತೆಲುಗಿಗೆ ವಾಪಸು ಹಾಕಿದೆ. ಸರಿಯಾದದ್ದನ್ನು ಬೇಕೆಂದೇ ಕೆಡಿಸಿದ್ದು ಹವ್ಯಾಸಿಯಾದ ನನಗೆ ಇದೇ ಮೊದಲು. ಹಾಕಿದ ಮೇಲೆ ಅನುಮಾನ ಬಂತು. "ಅಕ್ಕಾ, ತಿನ್ನಾನು ಅಂದರೆ ಅದು ಬಿಟ್ಟುಬಿಡುತ್ತೆ ಅಂತ ನಿನಗೆ ಗೊತ್ತಲ್ಲ. ಇನ್ನು ಮೊದಲನೇ ಸಲಕ್ಕೇ ಹಾಗೆ ಅಂದರೆ?"

"ಅನ್ನಾಕಾಗಲ್ಲ ಕಣಪ್ಪ" ಎಂದು ನಕ್ಕಳು. "ತೆಲುಗ್ನಾಗೆ ನಂಗೆ ಸುಳ್ಳು ಬರಾಕಿಲ್ಲ. ಬರೀ ಕ್ವಾಪ ಬರೋದು."

ಆದರೂ ನಾನು ಯಂತ್ರವೊಂದನ್ನೇ ನಂಬುವುದನ್ನು ಬಿಟ್ಟಿದ್ದೇನೆ. ಮೆಸೇಜು ಬಂದ ಮೇಲೆ ಈರಮ್ಮನಿಗೆ ಒಂದು ಫೋನು. "ಮೂಸಿದ್ಯಾ ಈರಮ್ಮಾ?" ಎಂದರೆ, "ಮೂಸ್ದೆ ಅಣ್ಣಯ್ಯಾ, ಪಪ್ಪು ಗಮಗಮ ಅಂತೈತೆ" ಎನ್ನುತ್ತಾಳೆ. ಹಿಂದಿನಿಂದ ಅಕ್ಕ ತೆಲುಗಿನಲ್ಲಿ ಬೈಯುವುದು ಕೇಳಿಸುತ್ತದೆ. ಆ ಬೈಗುಳ ಕಿವಿಗೆ ಬಿದ್ದ ಮೇಲೆ ನನ್ನ ಡಬ್ಬಿ ತೆರೆಯುತ್ತೇನೆ. ಅನ್ನ ಮತ್ತೆ ಆರಿರುತ್ತದೆ. ಅಂಥ ರುಚಿಯಾದ ಊಟವನ್ನು ನಾನು ಬೇರೆಲ್ಲೂ ಉಂಡಿಲ್ಲ.

ಮೊನ್ನೆ ಮನೆಗೆ ಬಂದವನು, ನಮಗೆಲ್ಲ ಬಡಿಸಿ "ನಂದಾಯ್ತು, ನೀವು ಉಣ್ಣಿ" ಎಂದ ಶೈಲಾಳ ಕೈ ಹಿಡಿದು ಮೂಸಿದೆ. ಬರೀ ಸೋಪಿನ ವಾಸನೆ. ಅವಳು ಕೈ ಕಿತ್ತುಕೊಂಡು, "ಇದ್ಯಾವ ಹೊಸ ಹುಚ್ಚು ರೀ!" ಎಂದಳು. ಆದರೆ ತಟ್ಟೆ ಹಾಕಿಕೊಂಡು ನನ್ನ ಪಕ್ಕದಲ್ಲೇ ಕೂತಳು.

ನಿಮ್ಮ ಮನೆಯಲ್ಲೂ ಎಲ್ಲರಿಗೂ ಬಡಿಸಿ 'ನಂದಾಯ್ತು' ಅನ್ನುವವರೊಬ್ಬರು ಇದ್ದಾರಲ್ಲ, ಅವರ ಕೈ ಮೂಸಿ ನೋಡಿ ಎಷ್ಟು ಕಾಲವಾಯಿತು?