ಬಿಳಿಯ ಹಿಂಗಾಲು

ಒಂದು ಕುದುರೆಯ ಹಿಂಗಾಲಿನ ಬಿಳುಪನ್ನು ಮರೆಮಾಡಲು ಹೋಗಿ ನಾನು ನನ್ನ ಅಣ್ಣನ ಜಾಗ ಕಳೆದೆ. ಇದನ್ನು ಇಷ್ಟು ವರ್ಷ ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿಲ್ಲ.

ಐವತ್ತರ ದಶಕದ ಮಾತು. ಬೈಕುಲ್ಲಾದ ಒಂದು ತಬೇಲಾದಲ್ಲಿ ಕೆಳಗೆ ಕುದುರೆಗಳು, ಮೇಲಿನ ಖೋಲಿಯಲ್ಲಿ ನಾವು: ಅಣ್ಣ, ಅತ್ತಿಗೆ, ಅವರ ಇಬ್ಬರು ಹೆಣ್ಣುಮಕ್ಕಳು, ನಾನು. ಬೆಳಗಾವಿ ಕಡೆಯಿಂದ ಬಂದ ಅಣ್ಣ ಹದಿನೈದು ವರ್ಷದಿಂದ ಒಬ್ಬ ಪಾರ್ಸಿ ಸೇಠರ ಜೋಡಿ ಕುದುರೆಯ ವಿಕ್ಟೋರಿಯಾ ಗಾಡಿ ಓಡಿಸುತ್ತಿದ್ದ. ಕುದುರೆ ತಿಕ್ಕುವುದು, ಗಾಡಿಗೆ ಹೂಡುವುದು, ಅವನ ಎಡಕ್ಕೆ ಕೂತು ಹೋಗುವುದು ನನ್ನ ಕೆಲಸ. ನನಗಾಗ ಇಪ್ಪತ್ತಾರು ವಯಸ್ಸು, ಮೂಗಿನ ತುದಿಯಲ್ಲೇ ಸಿಟ್ಟು.

ಆ ಹೊತ್ತಿಗೆ ಅಣ್ಣನ ಕಣ್ಣು ಹೋಗತೊಡಗಿತ್ತು. ಹೋದ ದೃಷ್ಟಿ ಮರಳುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಎದುರಿಗೆ ಬರುವ ಟ್ರ್ಯಾಮು ಅವನಿಗೆ ಬರೀ ಒಂದು ಮಬ್ಬು ಗೋಡೆ. ಇದು ಅತ್ತಿಗೆಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅಣ್ಣನೂ ನಾನೂ ಒಂದು ಗುಟ್ಟಿನ ಏರ್ಪಾಟು ಮಾಡಿಕೊಂಡಿದ್ದೆವು. ನನ್ನ ಮೊಣಕಾಲು ಅವನ ಮೊಣಕಾಲಿಗೆ ಒಮ್ಮೆ ಒತ್ತಿದರೆ ಎಡಕ್ಕೆ ಸರಿ, ಎರಡು ಸಲ ಒತ್ತಿದರೆ ನಿಲ್ಲಿಸು. ಉಳಿದದ್ದನ್ನೆಲ್ಲ ಅವನ ಕಿವಿ, ಕೈ ನೋಡಿಕೊಳ್ಳುತ್ತಿದ್ದವು.

ಅಷ್ಟರಲ್ಲಿ ಜೋಡಿಯಲ್ಲಿ ಒಂದು ಕುದುರೆ ಹೊಟ್ಟೆಶೂಲೆ ಬಂದು ಸತ್ತಿತು. ಉಳಿದದ್ದು ಕಂದು ಬಣ್ಣದ ಹೆಣ್ಣು ಕುದುರೆ. ಸೇಠರು ಊರಿಗೆ ಹೊರಟು ನಿಂತಿದ್ದರು. ತಾವು ಮರಳಿ ಬಂದ ಮೊದಲ ಭಾನುವಾರ ಸ್ವತಃ ಗಾಡಿಯಲ್ಲಿ ಕೂತು ನೋಡುವುದಾಗಿಯೂ, ಜೋಡಿ ಕೂಡದಿದ್ದರೆ ಗಾಡಿ ಮಾರಿ ಮೋಟಾರು ಕೊಳ್ಳುವುದಾಗಿಯೂ ಹೇಳಿದರು. ಎರಡೂ ಒಂದೇ ಅಚ್ಚಿನಲ್ಲಿ ತೆಗೆದಂತಿರಬೇಕು ಎಂದೂ ಸೇರಿಸಿದರು. ಮೋಟಾರು ಬಂದರೆ ಡ್ರೈವರು ಬರುತ್ತಾನೆ, ಖೋಲಿ ಅವನಿಗೆ ಹೋಗುತ್ತದೆ. ಅಣ್ಣನ ಸಂಸಾರ ಬೀದಿಗೆ ಬೀಳುತ್ತದೆ.

ಹೊಸ ಕುದುರೆಗಾಗಿ ವ್ಯಾಪಾರಿಯ ಬಳಿ ಹೋದೆವು. ನಾನು ಒಂದನ್ನು ಆರಿಸಿದೆ. ಬಣ್ಣ, ಎತ್ತರ, ಬಾಲ, ಎಲ್ಲದರಲ್ಲೂ ನಮ್ಮದರ ಅವಳಿಯೇ. ಅಣ್ಣ ಕುದುರೆಗಳಿಗೆ ಬೆನ್ನು ಮಾಡಿ ನಿಂತು ಒಂದೊಂದನ್ನೇ ಕಲ್ಲುಹಾಸಿನ ಮೇಲೆ ನಡೆಸಲು ಹೇಳಿದ. ನಾಲ್ಕನೆಯದಕ್ಕೆ ಕೈ ಎತ್ತಿದ. ಅದರ ಹೆಜ್ಜೆ ನಮ್ಮ ಹೆಣ್ಣಿನ ಹೆಜ್ಜೆಯೇ ಎಂದ. ನಾನು ನೋಡಿದರೆ ಅದರ ಎಡ ಹಿಂಗಾಲು ಮೊಣಕಾಲಿನವರೆಗೆ ಸುಣ್ಣ ಬಳಿದಷ್ಟು ಬಿಳಿ. ನನಗೆ ರೇಗಿತು. ಸೇಠರು ಹೇಳಿದ್ದೇನು, ನೀನು ಮಾಡುತ್ತಿರುವುದೇನು ಎಂದು ಅಲ್ಲೇ ಜಗಳಕ್ಕೆ ನಿಂತೆ.

"ಬಣ್ಣ ಗಾಡಿ ಎಳೀತದೇನು?" ಎಂದ ಅಣ್ಣ. ಅದೇ ಕುದುರೆ ಮನೆಗೆ ಬಂತು.

ಮೂರು ತಿಂಗಳು ಪಳಗಿಸಿದೆವು. ಮೊದಲು ಎರಡನ್ನೂ ಗಾಡಿಯಿಲ್ಲದೆ ಅಕ್ಕಪಕ್ಕ ನಡೆಸಿದೆವು, ಆಮೇಲೆ ಮರದ ದಿಮ್ಮಿ ಎಳೆಸಿದೆವು, ಆಮೇಲೆ ಮಹಾಲಕ್ಷ್ಮಿಯ ಕಡೆಯ ಖಾಲಿ ರಸ್ತೆಯಲ್ಲಿ ಗಾಡಿ. ಹೆಣ್ಣು ಯಾವಾಗಲೂ ಬಲಕ್ಕೆ, ಹೊಸದು ಯಾವಾಗಲೂ ಎಡಕ್ಕೆ. ಕಣ್ಣಿನ ಪಕ್ಕಕ್ಕೆ ಮರೆಪಟ್ಟಿ ಕಟ್ಟಿದ ಕುದುರೆಗೆ ಪಕ್ಕದ ಜೊತೆಗಾರ ಕಾಣುವುದಿಲ್ಲ. ಆ ಮಗ್ಗುಲಿನ ಬಿಸಿಯಿಂದ, ಉಸಿರಿನಿಂದಷ್ಟೇ ಅದು ಧೈರ್ಯ ತಂದುಕೊಳ್ಳುತ್ತದೆ. ಮಗ್ಗುಲು ಬದಲಿಸಬೇಡ ಎಂದು ಅಣ್ಣ ನೂರು ಸಲ ಹೇಳಿದ್ದ. ಎರಡರ ಹೆಜ್ಜೆಯೂ ಒಂದೇ ಏಟಿಗೆ ಬೀಳುವಷ್ಟು ಜೋಡಿ ಕೂಡಿತು. ನನ್ನ ಕಣ್ಣು ಮಾತ್ರ ಆ ಬಿಳಿ ಕಾಲನ್ನು ಬಿಟ್ಟು ಕದಲಲಿಲ್ಲ. ಅದು ಎಡ ಕುದುರೆಯ ಎಡಗಾಲು, ಅಂದರೆ ಹೊರಮಗ್ಗುಲಿನದು. ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತಿತ್ತು.

ಸೇಠರು ಮರಳಿ ಬಂದರು. ಆ ಭಾನುವಾರ ಬೆಳಿಗ್ಗೆ ನಾನು ಕುದುರೆಗಳನ್ನು ಅದಲುಬದಲು ಮಾಡಿ ಹೂಡಿದೆ. ಹೊಸದು ಬಲಕ್ಕೆ ಬಂದರೆ ಬಿಳಿ ಕಾಲು ಒಳಗೆ, ಎರಡರ ನಡುವೆ ಚಾಚಿದ ಮೂಕಿಮರದ ಪಕ್ಕಕ್ಕೆ ಬಂದು ಮರೆಯಾಗುತ್ತದೆ. ಒಂದು ತಾಸಿನ ಸವಾರಿಗೆ ಏನಾದೀತು ಎಂದುಕೊಂಡೆ. ಅಣ್ಣನಿಗೆ ಹೇಳಲಿಲ್ಲ. ಹೇಳಿದ್ದರೆ ಬಿಚ್ಚಿಸುತ್ತಿದ್ದ.

ದಿನವೂ ಗಾಡಿ ಹತ್ತುವ ಮುನ್ನ ಅವನು ಎರಡೂ ಕುದುರೆಗಳ ಮೈಮೇಲೆ ಕೈಯಾಡಿಸಿ ಪ್ರತಿ ಪಟ್ಟಿಯನ್ನೂ ಮುಟ್ಟಿ ನೋಡುತ್ತಿದ್ದ. ಅಂದು ಸೇಠರು ಮೊದಲೇ ಬಂದು ನಿಂತಿದ್ದರು. ತಡವರಿಸುವುದು ಅವರ ಕಣ್ಣಿಗೆ ಬೀಳಬಾರದೆಂದು ಅಣ್ಣ ಮುಟ್ಟದೆಯೇ ಹತ್ತಿ ಕೂತ. ನನ್ನನ್ನು ನಂಬಿ ಕೂತ.

ಬೈಕುಲ್ಲಾ ಸೇತುವೆ ಇಳಿಯುವವರೆಗೆ ಎಲ್ಲ ಸರಿಯಿತ್ತು. ಟ್ರ್ಯಾಮಿನ ರಸ್ತೆಗೆ ಬರುತ್ತಲೂ ಹೊಸದು ಬಲಕ್ಕೆ ವಾಲತೊಡಗಿತು. ಮೂರು ತಿಂಗಳು ಬಲಮಗ್ಗುಲಲ್ಲಿದ್ದ ಜೊತೆಗಾತಿ ಈಗಿಲ್ಲ; ಅದು ಅವಳನ್ನು ಹುಡುಕುತ್ತಿತ್ತು. ಮೂಕಿ ಅದುರಿತು. ಹೆಣ್ಣು ಕಿವಿ ಹಿಂದಕ್ಕೆ ಮಾಡಿತು.

ಅಣ್ಣ ಮುಖ ತಿರುಗಿಸದೆ, ಹಿಂದೆ ಕೂತ ಸೇಠರಿಗೆ ತಿಳಿಯದ ಕನ್ನಡದಲ್ಲಿ ಮೆಲ್ಲಗೆ ಕೇಳಿದ: "ಬಲಕ್ಕ ಯಾವುದು ಹೂಡೀದಿ?"

ನಾನು ರಸ್ತೆಯ ಕಡೆ ನೋಡಿದೆ.

"ಕೇಳಾಕತ್ತೀನಿ, ತಮ್ಮಾ."

"ಹೊಸಾದು."

ಅವನು ಬೈಯಲಿಲ್ಲ. ಲಗಾಮನ್ನು ಬೆರಳ ಸಂದಿಯಲ್ಲಿ ಬೇರೆ ರೀತಿ ಹಿಡಿದುಕೊಂಡು ಕುದುರೆಗಳ ಜೊತೆ ಮಾತಾಡತೊಡಗಿದ. ಎದುರಿನಿಂದ ಟ್ರ್ಯಾಮು ಗಂಟೆ ಬಾರಿಸುತ್ತ ಬಂತು. ಹೊಸದು ಬೆದರಿ ಹೆಣ್ಣಿನ ಮೈಮೇಲೆ ಬಿತ್ತು, ಗಾಡಿ ಎಡಕ್ಕೆ ಹಾರಿತು. ಎಡದಲ್ಲಿ ಹತ್ತಿಯ ಮೂಟೆ ಹೇರಿದ ಕೈಗಾಡಿಯೊಂದು ನಿಂತಿತ್ತು. ನಿಂತ ಕೈಗಾಡಿ ಸದ್ದು ಮಾಡುವುದಿಲ್ಲ. ಅಣ್ಣನಿಗೆ ಅದು ಇದ್ದದ್ದೇ ಗೊತ್ತಿಲ್ಲ. ಎರಡು ಸಲ ಒತ್ತಬೇಕಾದ ನನ್ನ ಕಾಲು ಗಾಬರಿಯಲ್ಲಿ ಒಂದೇ ಸಲ ಒತ್ತಿತು. ಎಡಕ್ಕೆ ಸರಿ ಎಂದು!

ಅವನು ಸರಿಯಲಿಲ್ಲ. ನನ್ನ ಕಾಲನ್ನು ನಂಬದೆ ಎರಡೂ ಲಗಾಮು ಒಟ್ಟಿಗೆ ಎಳೆದು ನಿಲ್ಲಿಸಿದ. ಮೂಕಿಯ ತುದಿಗೂ ಮೂಟೆಗೂ ಒಂದು ಗೇಣು ಅಂತರವಿತ್ತು. ಟ್ರ್ಯಾಮು ಚಕ್ರಕ್ಕೆ ತಾಗುವಷ್ಟು ಹತ್ತಿರದಲ್ಲಿ ದಾಟಿಹೋಯಿತು.

ಸೇಠರು ಎದ್ದು ನಿಂತು ಏನಾಯಿತೆಂದು ಕೂಗಿದರು. ನಿಜ ಹೇಳಬೇಕಾದವನು ನಾನು. ಅಣ್ಣ ಲಗಾಮನ್ನು ನನ್ನ ಕೈಗಿಟ್ಟು, ಚಕ್ರ ತಡವಿಕೊಂಡು ಕೆಳಗಿಳಿದ. ಯಾವಾಗಲೂ ಮುರುಕು ಹಿಂದಿಯಲ್ಲಿ ತಡವರಿಸುತ್ತ ಮಾತಾಡುತ್ತಿದ್ದ ಅವನು ಅಂದು ತಡೆಯದೆ ಹೇಳಿದ: ತನಗೆ ಕಣ್ಣು ಕಾಣುವುದಿಲ್ಲ, ಮುಚ್ಚಿಟ್ಟದ್ದು ತಪ್ಪಾಯಿತು, ಈಗ ಆದದ್ದಕ್ಕೂ ಅದೇ ಕಾರಣ. ಜೋಡಿ ಚೆನ್ನಾಗಿದೆ, ತಮ್ಮನ ಕೈ ಚೆನ್ನಾಗಿದೆ, ಗಾಡಿ ಅವನಿಗೆ ಕೊಡಿ. ಅದಲುಬದಲಿನ ಮಾತೇ ಎತ್ತಲಿಲ್ಲ.

ಆಮೇಲೆ ರಸ್ತೆಯ ಬದಿಯಲ್ಲಿ ಕುದುರೆ ಬಿಚ್ಚಿ ಅವುಗಳ ಮೊದಲಿನ ಮಗ್ಗುಲಿಗೆ ಹೂಡಿಸಿದ. ಬಿಳಿ ಕಾಲು ಹೊರಗೆ ಬಂತು. ಸೇಠರು ಅದನ್ನು ನೋಡಿದರು. ಗುರುತಿಗೆ ಒಳ್ಳೆಯದಾಯಿತು, ಇನ್ನು ಯಾವುದು ಯಾವುದೆಂದು ತಮಗೂ ತಿಳಿಯುತ್ತದೆ ಎಂದರು. ಅಷ್ಟೇ. ಆ ಕ್ಷಣ ನನಗಾದ ನಾಚಿಕೆ ಇಂದಿಗೂ ಹಾಗೇ ಇದೆ.

ವಾಪಸು ನಾನೇ ಓಡಿಸಿದೆ. ಗಾಡಿ ಉಳಿಯಿತು, ಖೋಲಿ ಉಳಿಯಿತು. ಸೇಠರ ಮನೆಯ ಮದುವೆಯ ದಿನ ಅವರು ನೆಂಟರೆದುರು ನನ್ನ ಭುಜ ತಟ್ಟಿದರು. ಕುರುಡ ಕೋಚ್‌ಮನ್ ನಮ್ಮನ್ನು ಸಾಯಿಸುವುದರಲ್ಲಿದ್ದ, ಅವನ ತಮ್ಮ ಇವನು ಇದ್ದದ್ದಕ್ಕೆ ಬದುಕಿದೆವು ಎಂದು ನಗುತ್ತ ಹೇಳಿದರು. ಅಣ್ಣ ನನ್ನ ಎಡಕ್ಕೆ, ಮೊದಲು ನಾನು ಕೂರುತ್ತಿದ್ದ ಜಾಗದಲ್ಲಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ನಾನು ಹೌದೆಂದು ತಲೆಯಾಡಿಸಿದೆ.

ಗಾಡಿ ಹೊರಟು ಸ್ವಲ್ಪ ದೂರ ಹೋದ ಮೇಲೆ ಅಣ್ಣ ಕಿವಿಗೊಟ್ಟು ಕೇಳಿ, ಹೆಣ್ಣಿನ ಲಗಾಮು ಬಿಗಿಯಾಗೈತಿ, ಸ್ವಲ್ಪ ಸಡಿಲ ಬಿಡು ಎಂದ.