ಲೋಟದ ಮೇಲಿನ ಅಂಗೈ

ಅದಿರು ಲಾರಿಗಳು ಹಗಲಿರುಳು ಓಡುತ್ತಿದ್ದ ಆ ವರ್ಷಗಳಲ್ಲಿ, ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಂಚಿನ ನಮ್ಮ ಮನೆಯಲ್ಲಿ ಮಾತಿಗೂ ಒಂದು ಕ್ರಮವಿತ್ತು. ತುಂಬಿದ ಲಾರಿ ಬಂದರೆ ಆಡುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸಬೇಕು; ಕೆಂಧೂಳು ಬೀಳದಂತೆ ಲೋಟದ ಬಾಯಿಗೆ ಅಂಗೈ ಮುಚ್ಚಬೇಕು; ಲಾರಿ ದಾಟಿದ ಮೇಲೆ, ಬಿಟ್ಟ ಪದದಿಂದಲೇ ಮುಂದುವರಿಸಬೇಕು. ಇದನ್ನು ಯಾರೂ ಯಾರಿಗೂ ಕಲಿಸಿರಲಿಲ್ಲ.

ಒಂದು ಗಣರಾಜ್ಯೋತ್ಸವದಂದು ಗಣಿಗಳಲ್ಲಿ ಲೋಡಿಂಗ್ ಇರಲಿಲ್ಲ. ಬೆಳಗಿನಿಂದ ರಸ್ತೆ ಬರಿದಾಗಿತ್ತು. ಅವ್ವ ಎರಡು ಸಲ ಕಿವಿಯೊಳಗೆ ಬೆರಳಾಡಿಸಿ, "ನನಗ ಕಿವಿ ಹೋದುವೇನಪಾ?" ಎಂದು ಕೇಳಿದಳು. ಬಾಗಿಲ ಮುಂದಿನ ರಂಗೋಲಿ ಮಧ್ಯಾಹ್ನವಾದರೂ ಬೆಳ್ಳಗೇ ಉಳಿದಿತ್ತು. ಅದನ್ನು ನೋಡಿ ನನಗೇಕೋ ಸಮಾಧಾನವಾಗಲಿಲ್ಲ.

ಊಟದ ನಂತರ ಇಬ್ಬರು ಗೆಳೆಯರು ಬಂದರು. ಒಬ್ಬ ಕಮಲಾಪುರದಲ್ಲಿ ಮೇಷ್ಟ್ರು. ಶಾಲೆಯಲ್ಲಿ ಧ್ವಜ ಹಾರಿಸಿ, ಅಂಗಿಗೆ ಚುಚ್ಚಿದ ಕಾಗದದ ಬಾವುಟದೊಂದಿಗೇ ಬಂದಿದ್ದ. ಇನ್ನೊಬ್ಬ ನಮ್ಮ ಬೀದಿಯವನೇ, ಎರಡು ಲಾರಿಗಳ ಮಾಲೀಕ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ವಿಷಯದ ಪರವಾದರೆ ಅವನು ವಿರೋಧ. ಅಂದು ನನಗೆ ಅವನಿಂದ ಒಂದು ಸಹಿ ಬೇಕಿತ್ತು. ಶಾಲೆ ಕೂಡುವ, ಬಿಡುವ ಹೊತ್ತಿನಲ್ಲಾದರೂ ಲಾರಿಗಳನ್ನು ಈ ರಸ್ತೆಗೆ ಬಿಡಬಾರದೆಂಬ ಮನವಿ ಮರುದಿನ ತಹಶೀಲ್ದಾರರ ಕಚೇರಿಗೆ ಹೋಗಬೇಕಾಗಿತ್ತು. ಲಾರಿ ಮಾಲೀಕನೊಬ್ಬನ ಹೆಸರಿಲ್ಲದಿದ್ದರೆ ಅದು ಬರೀ ಗೊಣಗಾಟವೆನಿಸಿಕೊಳ್ಳುತ್ತಿತ್ತು.

"ಲೇ, ರಜಾ ದಿನಾನಾದ್ರೂ ಭಾಷಣ ಬ್ಯಾಡ," ಎಂದ ಅವನು, ನನ್ನ ಕೈಯ ಮನವಿ ನೋಡಿ, ಮಿರ್ಚಿ ಭಜಿ ಮುರಿಯುತ್ತ. "ಅವ್ವಾ, ಈಗ ವಾದ ಗೆದ್ರ ಯಾರೂ ಕಪ್ ಕೊಡಂಗಿಲ್ಲ ಅಂತ ನಿನ್ನ ಮಗಗ ಹೇಳು."

"ಮೊದಲ ತಿನ್ರೋ, ಆರಿದ್ರ ಚಲೋ ಇರಂಗಿಲ್ಲ," ಎಂದು ಅವ್ವ ನಾಲ್ಕು ಲೋಟಗಳಿಗೆ ಮಜ್ಜಿಗೆ ಸುರಿದು ತಾನೂ ಕುಳಿತಳು.

"ನಾ ಸಹಿ ಮಾಡಿದ್ರ ನಾಳೆ ಗಣಿಯವ್ರು ನನ್ನ ಗಾಡಿಗೆ ಲೋಡ್ ಹಾಕ್ತಾರೇನು? ಲೈನಿಂದ ತೆಗದು ಮೂಲ್ಯಾಗ ನಿಲ್ಲಿಸ್ತಾರ," ಎಂದ ಮಾಲೀಕ.

ಭಯವೇ ವಾದವಾಗಬಾರದೆಂದು ನಾನು ಹೇಳಿದೆ. ಸಾರ್ವಜನಿಕ ರಸ್ತೆಯ ಮೇಲೆ ಯಾರಿಗೆ ಮೊದಲ ಹಕ್ಕೆಂದು ಕೇಳಿದೆ. ಅವನು ನಕ್ಕ. ಕೊನೆಗೆ ಮನವಿಯನ್ನೇ ಓದತೊಡಗಿದೆ: "ಈ ರಸ್ತೆಯ ನಿವಾಸಿಗಳಾದ ನಾವು ತಮ್ಮಲ್ಲಿ ಸವಿನಯವಾಗಿ..."

ಅಲ್ಲಿ ನನ್ನ ದನಿ ನಿಂತಿತು. ನಾನಾಗಿ ನಿಲ್ಲಿಸಲಿಲ್ಲ. ನೋಡಿದರೆ ನನ್ನ ಅಂಗೈ ಲೋಟದ ಮೇಲಿತ್ತು. ಅವ್ವನದೂ, ಮೇಷ್ಟ್ರದೂ, ಅವನದೂ. ಹೊರಗೆ ಎಲೆ ಅಲುಗುವ ಸದ್ದೂ ಇರಲಿಲ್ಲ. ತುಂಬಿದ ಲಾರಿಯೊಂದು ದಾಟಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಾಲ್ವರೂ ಉಸಿರು ಹಿಡಿದು ಕುಳಿತಿದ್ದೆವು. ಆಮೇಲೆ ನಾಲ್ಕು ಕೈಗಳೂ ಒಟ್ಟಿಗೇ ಮೇಲೆದ್ದವು. "...ಬಿನ್ನವಿಸಿಕೊಳ್ಳುವುದೇನೆಂದರೆ," ಎಂದೆ ನಾನು.

"ಏನ್ ಬಂತು ಈಗ?" ಎಂದ ಮೇಷ್ಟ್ರು, ಮೆಲ್ಲಗೆ.

ಮಾಲೀಕ ಎದ್ದು ಗೇಟಿನವರೆಗೆ ಹೋಗಿ ರಸ್ತೆಯ ಎರಡೂ ಕಡೆ ನೋಡಿ ಬಂದ. ಅವನ ಮುಖದ ನಗು ಹೋಗಿತ್ತು. "ಡ್ರೈವರುಗಳು ಊರಿಗೆ ಹೋಗ್ಯಾರ," ಎಂದು ತನಗೆ ತಾನೇ ಹೇಳಿಕೊಂಡು, ಜೇಬಿನಿಂದ ತನ್ನ ಎರಡು ಲಾರಿಗಳ ಚಾವಿ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟ. ಎರಡೂ ಇವೆಯೆಂದು ಬೆರಳಿನಿಂದ ಮುಟ್ಟಿ ನೋಡಿದ.

"ಕೊಡಿಲ್ಲಿ," ಎಂದ.

ನನ್ನಲ್ಲಿ ಇನ್ನೂ ಎರಡು ವಾದಗಳು ಉಳಿದಿದ್ದವು. ಅವು ಬೇಕಾಗಲಿಲ್ಲ. ಅವನು ಅರ್ಧ ಹೆಸರು ಬರೆದು ಪೆನ್ನು ಮೇಲೆತ್ತಿದ. ಅವ್ವನ ಅಂಗೈ ಮತ್ತೆ ಲೋಟದ ಮೇಲಿತ್ತು. ನಾವು ಕಾದೆವು. ಆಮೇಲೆ ಅವನು ಉಳಿದರ್ಧ ಬರೆದ.

ಮರುದಿನ ಲಾರಿಗಳು ಮತ್ತೆ ಓಡಿ ಪಾತ್ರೆಗಳು ಅಲುಗತೊಡಗಿದಾಗ ಅವ್ವ "ಸದ್ಯ, ಕಿವಿ ಬಂದ್ವು" ಎಂದಳು. ನಾನು ಕಚೇರಿಗೆ ಹೊರಟಿದ್ದೆ. ಆ ಮನವಿಯ ಪ್ರತಿ ಇಂದಿಗೂ ನನ್ನ ಬಳಿಯಿದೆ. ಅವನ ಹೆಸರಿನ ನಡುವೆ ಬೆರಳಗಲದ ಜಾಗ ಖಾಲಿ ಉಳಿದಿದೆ.