ನಾನು ಓದದೆ ಬಿಟ್ಟ ಸಾಲು

ಆಗ ನಮ್ಮದು ಮದರಾಸು ಸರ್ಕಾರ. ರಾಯದುರ್ಗದಿಂದ ಬಳ್ಳಾರಿಗೆ ಹೋಗಬೇಕೆಂದರೆ ರೈಲು, ಬಳ್ಳಾರಿಯ ಸುದ್ದಿ ನಮಗೆ ಬರಬೇಕೆಂದರೆ ಟಪಾಲು. ನಮ್ಮ ಮನೆಯ ಹೆಂಗಸರಲ್ಲಿ ಓದಲು ಬರುತ್ತಿದ್ದುದು ನನಗೊಬ್ಬಳಿಗೇ. ನನ್ನಪ್ಪನಿಗೂ ಬರುತ್ತಿತ್ತು, ಆದರೆ ಗಂಡನ ಕಾಗದವನ್ನು ಭಾವನ ಕೈಗೆ ಕೊಡಲು ಗಂಗಮ್ಮ ಚಿಕ್ಕಮ್ಮನಿಗೆ ನಾಚಿಕೆ. ಹಾಗಾಗಿ ಹತ್ತು ವರ್ಷದ ನಾನು ಅವಳಿಗೆ ಬಹಳ ಬೇಕಾದವಳಾಗಿದ್ದೆ.

ತಿಪ್ಪಣ್ಣ ಚಿಕ್ಕಪ್ಪ ಬಳ್ಳಾರಿಯ ಹತ್ತಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದ. ತಿಂಗಳಿಗೊಮ್ಮೆ ಊರಿಗೆ ಬರುತ್ತಿದ್ದ, ನಡುವೆ ಒಂದೆರಡು ಕಾಗದ. ಕಾಗದ ಬಂದರೆ ಚಿಕ್ಕಮ್ಮ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ಕೈಗೆ ಹುರಿದ ಶೇಂಗಾ, ಬೆಲ್ಲ ಇಟ್ಟು, ಹಿಂದೆ ಕೂತು ಜಡೆ ಹಾಕುತ್ತಿದ್ದಳು. ನಾನು ಓದುತ್ತಿದ್ದೆ. ಚೆನ್ನಾಗಿದ್ದ ಕಡೆ ಜಡೆಯನ್ನು ಸಣ್ಣಗೆ ಎಳೆದು, "ಇನ್ನೊಂದ್ಸಲ ಓದು" ಎನ್ನುತ್ತಿದ್ದಳು.

ಆ ಚಳಿಗಾಲ ಅಂಗಳದ ತುಂಬ ಶೇಂಗಾ. ಕಾಯಿಗೆ ನೀರು ಚಿಮುಕಿಸಿ ಗೋಣಿ ಮುಚ್ಚಿಟ್ಟರೆ ಸಿಪ್ಪೆ ಮೆತ್ತಗಾಗುತ್ತದೆ. ಗೋಣಿ ತೆಗೆದಾಗ ಏಳುವ ಹಸಿ ಮಣ್ಣಿನ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಓಣಿಯ ಹೆಂಗಸರು ಸುತ್ತ ಕೂತು ಬೀಜ ಬಿಡಿಸುತ್ತಿದ್ದರು. ನಾವು ಹುಡುಗಿಯರು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಎರಡಿದೆಯೋ ಮೂರಿದೆಯೋ ಎಂದು ಪಂತ ಕಟ್ಟುತ್ತಿದ್ದೆವು.

ಆ ದಿನಗಳಲ್ಲೇ ಒಂದು ಕಾಗದ ಬಂತು. "ಊಟಕ್ಕೆ ತೊಂದರೆ ಇಲ್ಲ. ನೀಲಮ್ಮ ಎಂಬುವರ ಮನೆಯಲ್ಲಿ ಉಣ್ಣುತ್ತೇನೆ. ಪುಂಡಿಪಲ್ಲೆಯನ್ನು ನಿನ್ನ ಹಾಗೆಯೇ ಮಾಡುತ್ತಾರೆ." ಜಡೆಯಲ್ಲಿದ್ದ ಚಿಕ್ಕಮ್ಮನ ಕೈ ನಿಂತಿತು.

ಅಂಗಳದಲ್ಲಿ ಮಾತು ಹಬ್ಬಲು ಹೊತ್ತು ಬೇಕಾಗಲಿಲ್ಲ.

"ಗಂಡಸು ಹೊರಗ ಉಂಡ್ರ ತಪ್ಪೇನವ್ವಾ? ಹೊಟ್ಟಿ ಕೇಳ್ಬೇಕಲ್ಲ" ಎಂದಳು ಪಕ್ಕದ ಮನೆಯ ಹಂಪಮ್ಮ.

"ಉಂಡದ್ದಲ್ಲ ತಪ್ಪು. ನಿನ್ನಂಗ ಮಾಡ್ತಾಳ ಅಂತ ಬರದಾನಲ್ಲ, ಅದು ತಪ್ಪು" ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು.

ಚಿಕ್ಕಮ್ಮನೂ ನಕ್ಕಳು. "ಮುಟ್ಟಿದ್ರ ಮೋಸ. ಉಂಡ್ರ ಏನೈತಿ?" ಎಂದಳು.

ಅಜ್ಜಿ ಮಾತ್ರ ನಗಲಿಲ್ಲ. ನನ್ನನ್ನು ಹಿತ್ತಲಿಗೆ ಕರೆದೊಯ್ದು ಹೇಳಿದಳು, "ಸರಸೀ, ಇನ್ನ ಕಾಗದದಾಗ ಆಕಿ ಹೆಸರು ಬಂದ್ರ ಅಷ್ಟು ಬಿಟ್ಟು ಓದು. ನಿಮ್ಮ ಚಿಕ್ಕಮ್ಮನ ಮನಸ್ಸು ಕೆಡ್ತೈತಿ."

ಮುಂದಿನ ಕಾಗದದಲ್ಲಿ ಹೀಗಿತ್ತು: "ಎಂಟು ದಿನ ಜ್ವರ ಬಂದು ಮಲಗಿದ್ದೆ, ನೀಲಮ್ಮನವರು ಗಂಜಿ ಕಾಸಿಕೊಟ್ಟು ನೋಡಿಕೊಂಡರು, ಈಗ ವಾಸಿ." ಒಂದೇ ಸಾಲಿನಲ್ಲಿ ಜ್ವರವೂ ನೀಲಮ್ಮನೂ ಸೇರಿಕೊಂಡಿದ್ದರು. ಬಿಡಿಸಿ ಓದಲು ನನಗೆ ತಿಳಿಯಲಿಲ್ಲ. ಇಡೀ ಸಾಲನ್ನೇ ಬಿಟ್ಟೆ.

ಚಿಕ್ಕಮ್ಮನಿಗೆ ಜ್ವರವೆಂದರೆ ಏನೆಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಎರಡು ವರ್ಷದ ಹಿಂದೆ ಅವಳ ಒಬ್ಬಳೇ ಮಗಳು ಪಾರು ಮೂರು ದಿನದ ಜ್ವರದಲ್ಲಿ ತೀರಿಕೊಂಡಿದ್ದಳು. ಆಮೇಲೆ ಮನೆಯಲ್ಲಿ ಯಾರೂ ಆ ಹೆಸರು ಎತ್ತಬಾರದೆಂದು ಅಜ್ಜಿ ಕಟ್ಟು ಮಾಡಿದ್ದಳು. ಯಾರೂ ಎತ್ತುತ್ತಿರಲಿಲ್ಲ.

ವಾರದ ಮೇಲೆ ಬಳ್ಳಾರಿಯಿಂದ ಬಂದ ಹಂಪಮ್ಮನ ತಮ್ಮ ಅಂಗಳದಲ್ಲಿ ನಿಂತು, "ಅಕ್ಕಾರ, ಅಣ್ಣಗ ಜ್ವರ ಪೂರಾ ಬಿಟ್ಟೈತ್ರಿ, ಕೆಲಸಕ್ಕ ಹೊಂಟಾನ" ಎಂದ. ಚಿಕ್ಕಮ್ಮ ಒಳಗೆ ಹೋಗಿ ಆ ಕಾಗದ ತಂದು ನನ್ನ ಮುಂದೆ ಹಿಡಿದಳು.

"ಓದು. ಬಿಟ್ಟದ್ದನ್ನೂ ಓದು."

ನಾನು ಅಳುತ್ತ ಓದಿದೆ. ಅಜ್ಜಿ ಹೇಳಿದ್ದೆಂದು ಹೇಳಿದೆ. ಚಿಕ್ಕಮ್ಮ ಬೈಯಲಿಲ್ಲ. ಮಾರನೆಯ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಬಳ್ಳಾರಿ ರೈಲು ಹತ್ತಿದಳು.

ನೀಲಮ್ಮನ ಮನೆ ಗಿರಣಿಯ ಹಿಂದಿನ ಸಂದಿಯಲ್ಲಿತ್ತು. ದೂರದಿಂದಲೇ ರೊಟ್ಟಿ ಸುಡುವ ವಾಸನೆ. ಒಲೆಯ ಮುಂದೆ ಕೂತಿದ್ದವಳು ಚಿಕ್ಕಮ್ಮನಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ನೆತ್ತಿಯ ಕೂದಲು ನೆರೆತಿತ್ತು, ಮೊಣಕೈವರೆಗೂ ಹಿಟ್ಟು. ಇಷ್ಟೇನಾ ಎಂದು ನನಗನ್ನಿಸಿತು. ನನ್ನ ಕೈ ಹಿಡಿದಿದ್ದ ಚಿಕ್ಕಮ್ಮನ ಹಿಡಿತವೂ ಸಡಿಲವಾಯಿತು.

"ರಾಯದುರ್ಗದಿಂದ ಬಂದೀವ್ರಿ. ತಿಪ್ಪಣ್ಣನೋರ ಮನಿಯೋರು" ಎಂದಳು ಚಿಕ್ಕಮ್ಮ.

ನೀಲಮ್ಮ ಗಡಬಡಿಸಿ ಎದ್ದಳು. "ಪಾರೂನ ಅವ್ವ ಅಲ್ಲೇನ್ರಿ? ಬರ್ರಿ, ಒಳಗ ಬರ್ರಿ."

ಚಿಕ್ಕಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನೀಲಮ್ಮ ಒಳ್ಳೆಯ ಮನಸ್ಸಿನಿಂದಲೇ ಮುಂದುವರಿಸಿದಳು. "ಜ್ವರದಾಗ ಪಾರು ಪಾರು ಅಂತಿದ್ರು. ಆಮ್ಯಾಲೆ ಎಲ್ಲಾ ಹೇಳಿದ್ರು. ಕೂಸು ಅಪ್ಪನ ಮೀಸಿ ಹಿಡಕೊಂಡ್ರನ ನಿದ್ದಿ ಮಾಡ್ತಿತ್ತಂತಲ್ರಿ. ಹೇಳಿ ಹೇಳಿ ಅತ್ರು ಪಾಪ."

ಗಿರಣಿಯ ಮಧ್ಯಾಹ್ನದ ಸೀಟಿ ಕೂಗಿದ ಮೇಲೆ ಚಿಕ್ಕಪ್ಪ ಊಟಕ್ಕೆ ಬಂದ. ತಲೆಯ ಮೇಲೆ, ರೆಪ್ಪೆಯ ಮೇಲೆ ಹತ್ತಿಯ ಧೂಳು. ಹೆಂಡತಿಯ ಮುಖ ಕಂಡವನೇ ಅವನು ಹೇಳಿದ ಮೊದಲ ಮಾತು, "ಗಂಗಾ, ದೇವರಾಣಿಗೂ ನಾ ಯಾವ ತಪ್ಪೂ ಮಾಡಿಲ್ಲ."

"ಗೊತ್ತಾತ್ರಿ. ಮುಟ್ಟಿದ್ರ ಬೈದು ಅತ್ತು ಸುಮ್ಮನಾಗ್ತಿದ್ದೆ. ಎರಡು ವರ್ಷದಿಂದ ನನ್ನ ಮುಂದ ಆ ಹೆಸರು ಒಂದಿನಾನೂ ಎತ್ತಲಿಲ್ಲ ನೀವು. ಮರೆತೀರಿ ಅನಕೊಂಡಿದ್ದೆ. ಇಲ್ಲಿ ಕುಂತು ಅತ್ತೀರಿ."

"ಮನ್ಯಾಗ ಹೆಸರೆತ್ತಬ್ಯಾಡ ಅಂದಿದ್ಲಲ್ಲ ಅವ್ವ."

"ಅತ್ತಿ ಅಂದ್ರು. ನಾ ಅಂದಿದ್ನೇನು?"

ಕಂಗಾಲಾಗಿ ನಿಂತಿದ್ದ ನೀಲಮ್ಮನಿಗೆ ಚಿಕ್ಕಮ್ಮ, "ನಿಮ್ಮದೇನೂ ತಪ್ಪಿಲ್ರೀ" ಎಂದಳು. ಅವಳು ಬಡಿಸಿದ ರೊಟ್ಟಿಯಲ್ಲಿ ಅರ್ಧ ತಿಂದಳು. ಸಂಜೆಯ ರೈಲಿಗೆ ನಾವು ವಾಪಸಾದೆವು.

ಮರುದಿನ ಅಂಗಳದಲ್ಲಿ ಹಂಪಮ್ಮ ಮೆಲ್ಲಗೆ ಕೇಳಿದಳು, "ಮುಟ್ಯಾನೇನು?"

"ಇಲ್ಲ."

"ಮತ್ಯಾಕ ಮಾರಿ ಹಿಂಗ ಮಾಡೀದಿ?"

ಚಿಕ್ಕಮ್ಮ ಬೀಜ ಬಿಡಿಸುತ್ತಲೇ ಇದ್ದಳು.

ಹದಿನೈದು ದಿನದ ಮೇಲೆ ಚಿಕ್ಕಪ್ಪ ಬಂದ. ಗಂಡಸರು ಕೂರದ ಆ ಜಾಗದಲ್ಲಿ, ಶೇಂಗಾ ರಾಶಿಯ ಈ ಕಡೆ ಚಿಕ್ಕಮ್ಮನ ಹತ್ತಿರ ಬಂದು ಕೂತ. ಎದುರಿಗೆ ಅಜ್ಜಿ, ಓಣಿಯ ಹೆಂಗಸರು. ಒಂದು ಹಿಡಿ ಕಾಯಿ ತೆಗೆದುಕೊಂಡ. ಒಂದನ್ನು ಬಿಡಿಸುತ್ತ ಎಲ್ಲರಿಗೂ ಕೇಳುವ ಹಾಗೆ ಹೇಳಿದ, "ಪಾರು ಇದ್ದಿದ್ರ ಇಷ್ಟೊತ್ತಿಗೆ ಬೀಜ ಬಿಡಸ್ತಿದ್ಲು."

ಎಲ್ಲರ ಕೈ ನಿಂತವು. ಅಜ್ಜಿ ಎದ್ದು ಒಳಗೆ ಹೋದಳು.

ಚಿಕ್ಕಮ್ಮ ತಲೆ ಎತ್ತದೆ ಅಂದಳು, "ಬಿಡಸ್ತಿದ್ದಿಲ್ಲ. ತಿಂತಿದ್ಲು."

ಚಿಕ್ಕಪ್ಪ ನಗಲು ಹೋಗಿ ಅತ್ತುಬಿಟ್ಟ. ಹೆಂಗಸರು ಒಬ್ಬೊಬ್ಬರೇ ಎದ್ದರು. ಹಂಪಮ್ಮ ನನ್ನ ರಟ್ಟೆ ಹಿಡಿದು ಓಣಿಗೆ ಎಳೆದುಕೊಂಡು ಹೋದಳು. ಅವರಿಬ್ಬರೂ ಆ ರಾಶಿಯ ಮುಂದೆ ಎಷ್ಟು ಹೊತ್ತು ಕೂತಿದ್ದರೋ ಗೊತ್ತಿಲ್ಲ. ಚಿಕ್ಕಪ್ಪ ನೀಲಮ್ಮನ ಮನೆಯ ಊಟವನ್ನು ಬಿಡಲಿಲ್ಲ. ಬಿಡಿ ಎಂದು ಚಿಕ್ಕಮ್ಮನೂ ಹೇಳಲಿಲ್ಲ.

ಆ ಬೇಸಿಗೆಯಲ್ಲಿ ಚಿಕ್ಕಮ್ಮ ನನ್ನಿಂದ ಅಕ್ಷರ ಕಲಿತಳು. ನೆಲದ ಮೇಲೆ ಇದ್ದಿಲಿನಿಂದ ತಿದ್ದುತ್ತಿದ್ದಳು. ನನ್ನನ್ನು ಕ್ಷಮಿಸಿದ್ದಾಳೆ, ಅದಕ್ಕೇ ನನ್ನ ಹತ್ತಿರವೇ ಕಲಿಯುತ್ತಿದ್ದಾಳೆ ಎಂದು ನಾನು ಹಿಗ್ಗಿದ್ದೆ. ಕ್ಷಮಿಸಿಯೂ ಇದ್ದಿರಬಹುದು. ಮುಂದಿನ ಶೇಂಗಾ ಕೀಳುವ ಹೊತ್ತಿಗೆ ಬೆರಳಿಟ್ಟು ತಾನೇ ಓದಿಕೊಳ್ಳತೊಡಗಿದಳು. ಚಿಕ್ಕಪ್ಪನ ಕಾಗದ ಮತ್ತೆ ನನ್ನ ಕೈಗೆ ಬರಲಿಲ್ಲ.

ಈಗ ಬೀಜ ಬಿಡಿಸಲು ಯಂತ್ರ ಬಂದಿದೆ, ಆ ಮನೆ ಮೂರು ಪಾಲಾಗಿದೆ, ಅಂಗಳದಲ್ಲಿ ಕೂತಿದ್ದವರು ಯಾರೂ ಇಲ್ಲ. ಅದೆಲ್ಲ ಎಲ್ಲರಿಗೂ ಆಗುವ ನಷ್ಟ. ನನ್ನ ನಷ್ಟ ಬೇರೆ. ನಾನು ಮದುವೆಯಾಗಿ ಮಡಕಶಿರಕ್ಕೆ ಬಂದ ಮೇಲೆ ಚಿಕ್ಕಮ್ಮ ಕೊನೆಯವರೆಗೂ ನನಗೆ ಕಾಗದ ಬರೆಯುತ್ತಿದ್ದಳು. ದಪ್ಪ ದಪ್ಪ ಅಕ್ಷರಗಳಲ್ಲಿ ಊರಿನ ಮಳೆ, ಬೆಳೆ, ಯಾರ ಮನೆಗೆ ಸೊಸೆ ಬಂದಳು, ಯಾರಿಗೆ ಮಗುವಾಯಿತು, ಎಲ್ಲ ಇರುತ್ತಿತ್ತು. ಪಾರುವಿನ ಮಾತು ಮಾತ್ರ ಒಂದರಲ್ಲೂ ಇರಲಿಲ್ಲ.